ಬೆಂಗಳೂರಿನ ಯಹೂದಿಗಳು

ಬೆಂಗಳೂರಿನ ಯಹೂದಿಗಳು ಕರ್ನಾಟಕದ ರಾಜಧಾನಿಯ ಒಂದು ಅತಿ ಚಿಕ್ಕ ಧಾರ್ಮಿಕ ಸಮುದಾಯ. ಕೊಂಕಣ ಮೂಲದ ಬೆನೆ ಇಸ್ರೇಲಿಗಳು, ಬಾಗ್ದಾದಿ ಯಹೂದಿಗಳು, ನಾಜಿ ಆಡಳಿತದಿಂದ ಪಾರಾಗಿ ಬಂದ ಜರ್ಮನರು ಹಾಗೂ ಉದ್ಯೋಗ, ವ್ಯಾಸಂಗಗಳಿಗಾಗಿ ಬರುವ ವಿದೇಶೀಯರು ಬೇರೆ ಬೇರೆ ಕಾಲಗಳಲ್ಲಿ ಇದರ ಭಾಗವಾಗಿದ್ದಾರೆ. ಕೊಚ್ಚಿ, ಮುಂಬಯಿಗಳಲ್ಲಿರುವಂತಹ ಹಳೆಯ ಸಿನಗಾಗ್ (ಯಹೂದಿ ಪ್ರಾರ್ಥನಾಲಯ) ಬೆಂಗಳೂರಿನಲ್ಲಿಲ್ಲ. ಆದ್ದರಿಂದ ಇಲ್ಲಿ ಧರ್ಮಾಚರಣೆಯು ಬಹುಮಟ್ಟಿಗೆ ಮನೆಯನ್ನು, ಅದರಲ್ಲಿಯೂ ಅಡುಗೆಮನೆಯನ್ನು ಅವಲಂಬಿಸಿದೆ.

ಇತಿಹಾಸ

ಬೆನೆ ಇಸ್ರೇಲಿಗಳು ಇಂದಿನ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕರಾವಳಿಯವರು; ಮರಾಠಿ ಇವರ ಮನೆಮಾತು. ಗಾಣದ ಕಸುಬಿನವರಾಗಿದ್ದ ಇವರು ಶನಿವಾರ ಕೆಲಸ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ' ಎಂದು ಕರೆಯಲ್ಪಟ್ಟರು. ಬ್ರಿಟಿಷರ ಕಾಲದಲ್ಲಿ ಇವರಲ್ಲಿ ಹಲವರು ಸೈನ್ಯ ಸೇರಿದರು. ಬಾಗ್ದಾದಿ ಯಹೂದಿಯಾದ ರೂಬಿನ್ ಮೋಸೆಸ್ ಕಂಟೋನ್ಮೆಂಟಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಗಳ ಅಂಗಡಿ ನಡೆಸಿದರು.

ಉತ್ತರ ಬೆಂಗಳೂರು

ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯು ಈ ಇತಿಹಾಸದಲ್ಲಿ ಮುಖ್ಯವಾದುದು. ಯಹೂದಿ ಮನೆತನದಲ್ಲಿ ಜನಿಸಿದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಲೂಥರನ್ ಕ್ರೈಸ್ತ ಪಂಥಕ್ಕೆ ಸೇರಿದ್ದರೂ 1933ರಲ್ಲಿ ನಾಜಿ ಕಾನೂನಿನಿಂದಾಗಿ ಗಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡರು. ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ 1935–36ರಲ್ಲಿ ಕೆಲವು ತಿಂಗಳು ಇಲ್ಲಿದ್ದರು. ಅವರನ್ನು ಕಾಯಂ ಆಗಿ ಉಳಿಸಿಕೊಳ್ಳುವ ಪ್ರಯತ್ನ ಫಲಿಸದೆ, 1936ರಲ್ಲಿ ಎಡಿನ್‌ಬರೋಗೆ ತೆರಳಿದರು. ಅವರ ಸೋದರಿಯ ಮಗ, ಬರ್ಲಿನ್ ಮೂಲದ ವಾಸ್ತುಶಿಲ್ಪಿ ಆಟೊ ಕ್ಯೋನಿಗ್ಸ್‌ಬರ್ಗರ್, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ 1948ರವರೆಗೆ ಇಲ್ಲಿದ್ದರು. ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ವಿನ್ಯಾಸಗೊಳಿಸಿದರು.

ಭಾರತ ಮತ್ತು ಇಸ್ರೇಲ್ ನಡುವೆ 1992ರಲ್ಲಿ ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು. 1996ರಲ್ಲಿ ಯಲಹಂಕ ವಾಯುನೆಲೆಯಲ್ಲಿ ಆರಂಭವಾದ ಏರೋ ಇಂಡಿಯಾ ಪ್ರದರ್ಶನದಲ್ಲಿ ಇಸ್ರೇಲಿ ಕಂಪನಿಗಳೂ ಪಾಲ್ಗೊಳ್ಳುತ್ತಾ ಬಂದಿವೆ.

ಆಹಾರ

ಯಹೂದಿ ಆಹಾರ ನಿಯಮಕ್ಕೆ ಒಪ್ಪುವ ಆಹಾರವನ್ನು 'ಕೋಷರ್' ಎನ್ನುತ್ತಾರೆ. ಹಂದಿಮಾಂಸ ಹಾಗೂ ಸಿಗಡಿ, ಏಡಿಗಳು ನಿಷಿದ್ಧ. ಮಾಂಸವನ್ನು ಹಾಲು, ಮೊಸರು, ತುಪ್ಪಗಳೊಡನೆ ಸೇರಿಸುವಂತಿಲ್ಲ. ಪ್ರಾಣಿವಧೆಯನ್ನು ತರಬೇತಿ ಪಡೆದ ಯಹೂದಿಯೇ ವಿಧಿಪ್ರಕಾರ ಮಾಡಬೇಕು. ಆದ್ದರಿಂದ ಸಸ್ಯಾಹಾರವು ವಿದೇಶೀಯ ಯಹೂದಿಗಳಿಗೆ ಸುಲಭದ ಆಯ್ಕೆ. ಆದರೆ ದರ್ಶಿನಿಯ ಇಡ್ಲಿ, ದೋಸೆಗಳು ಮಾಂಸರಹಿತವಾದ ಮಾತ್ರಕ್ಕೆ ಕೋಷರ್ ಆಗುವುದಿಲ್ಲ. ಕಟ್ಟುನಿಟ್ಟಿನ ಆಚರಣೆಯವರು ಪಾತ್ರೆಗಳ ಶುದ್ಧತೆ ಮತ್ತು ಅಡುಗೆಯ ಮೇಲ್ವಿಚಾರಣೆಯನ್ನೂ ಅಪೇಕ್ಷಿಸುತ್ತಾರೆ. ಸೊಪ್ಪು, ಹಿಟ್ಟುಗಳಲ್ಲಿ ಹುಳುಗಳಿಲ್ಲವೆಂದು ಪರೀಕ್ಷಿಸುತ್ತಾರೆ. ವಿಮಾನ ಪ್ರಯಾಣಕ್ಕೆ ಕೋಷರ್ ಊಟವನ್ನು ಮುಂಚಿತವಾಗಿ ಕೇಳಿಕೊಳ್ಳುವುದು ವಾಡಿಕೆ.

ಬೆನೆ ಇಸ್ರೇಲಿಗಳು ಮಾಂಸದ ಅಡುಗೆಗೆ ತೆಂಗಿನ ಹಾಲನ್ನು ಬಳಸಿ ಈ ನಿಯಮವನ್ನು ಪಾಲಿಸಿದರು. ಪ್ರವಾದಿ ಎಲಿಯಾಹುವನ್ನು ಸ್ಮರಿಸುವ ಇವರ 'ಮಲೀದಾ' ವಿಧಿಯಲ್ಲಿ ಅವಲಕ್ಕಿ, ತೆಂಗಿನಕಾಯಿ ತುರಿ, ಸಿಹಿ ಮತ್ತು ಹಣ್ಣುಗಳಿರುತ್ತವೆ. ಹುಳಿಬಂದ ಧಾನ್ಯಗಳನ್ನು ವರ್ಜಿಸುವ ಪೆಸಾಖ್ ಹಬ್ಬದಲ್ಲಿ ಇವರ ಸಂಪ್ರದಾಯವು ಅನ್ನವನ್ನು ಒಪ್ಪುತ್ತದೆ. ಮಧ್ಯ ಮತ್ತು ಪೂರ್ವ ಯುರೋಪಿನ ಅಶ್ಕೆನಾಜಿ ಸಂಪ್ರದಾಯವು ಒಪ್ಪುವುದಿಲ್ಲ.

ಶಬ್ಬಾತ್ ಮತ್ತು ಪ್ರಾರ್ಥನೆ

ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿ ದಿನವೇ ಶಬ್ಬಾತ್. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯಾಸ್ತದ ಸಮಯವು ಸುಮಾರು ಒಂದು ಗಂಟೆಯಷ್ಟೇ ವ್ಯತ್ಯಾಸವಾಗುವುದರಿಂದ ದೀಪ ಹಚ್ಚುವ ವೇಳೆ ಯುರೋಪಿನಲ್ಲಿರುವಷ್ಟು ಬದಲಾಗುವುದಿಲ್ಲ. ಅಂದು ಅಡುಗೆ ಮಾಡುವುದು, ವಾಹನದಲ್ಲಿ ಪ್ರಯಾಣಿಸುವುದು ನಿಷಿದ್ಧ. ಸಾಂಪ್ರದಾಯಿಕ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರ ಕೂಟ ('ಮಿನ್ಯಾನ್') ಅಗತ್ಯ. ಯಲಹಂಕ, ಹೆಬ್ಬಾಳಗಳಲ್ಲಿ ನೆಲೆಸಿದವರಿಗೆ ನಗರದ ಮಧ್ಯಭಾಗದ ಕೂಟಕ್ಕೆ ನಡೆದುಹೋಗುವುದು ಕಷ್ಟ. ಹತ್ತಿರದಲ್ಲಿ ಹತ್ತು ಮಂದಿ ಸೇರದಿದ್ದರೆ ಪ್ರಾರ್ಥನೆ ಮನೆಯಲ್ಲಿಯೇ ನಡೆಯುತ್ತದೆ.

ಸ್ಮಶಾನ

ಮೈಸೂರು ರಸ್ತೆಯಲ್ಲಿ ಒಂದು ಯಹೂದಿ ಸ್ಮಶಾನವಿದೆ. ಅಲ್ಲಿನ ಅತ್ಯಂತ ಹಳೆಯ ಸಮಾಧಿ 1904ರಲ್ಲಿ ನಿಧನರಾದ ಸುಬೇದಾರ್ ಸ್ಯಾಮ್ಯುಯೆಲ್ ನಾಗಾವಕರ್ ಅವರದು. ಯಹೂದಿ ಸಂಪ್ರದಾಯದಲ್ಲಿ ಶವವನ್ನು ಹೂಳಬೇಕು, ಸಮಾಧಿಯನ್ನು ಕದಲಿಸಬಾರದು. ಆದುದರಿಂದ ಸಿನಗಾಗ್ ಇಲ್ಲದ ಊರಿನಲ್ಲಿಯೂ ಪ್ರತ್ಯೇಕ ಭೂಮಿ ಬೇಕಾಗುತ್ತದೆ. ಮೃತರಿಗಾಗಿ ಹೇಳುವ 'ಕದ್ದೀಶ್' ಪ್ರಾರ್ಥನೆಗೂ ಮಿನ್ಯಾನ್ ಬೇಕು. ಹೀಗಾಗಿ ಚಿಕ್ಕ ಸಮುದಾಯದಲ್ಲಿ ಒಂದೆರಡು ಕುಟುಂಬಗಳು ವಲಸೆ ಹೋದರೂ ಈ ವಿಧಿಗೆ ತೊಡಕಾಗುತ್ತದೆ.