ದಾರಿ ಹಿಡಿದವರಿಗೆ ಊರು

1849ರ ಸುಮಾರಿಗೆ ಫ್ರಾನ್ಸಿನ ಮಾರ್ಷಲ್ ಬ್ಯೂಜೋ ಬೀದಿ ಕಾಳಗದ ಬಗ್ಗೆ ಒಂದು ಕೈಪಿಡಿ ಬರೆದ. ಊರೊಳಗೆ ಎದ್ದ ದಂಗೆಯನ್ನು ಸೈನ್ಯ ಹೇಗೆ ಮಟ್ಟಹಾಕಬೇಕು ಎಂಬುದು ಅದರ ವಿಷಯ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ, ಆಯುಸ್ಸಿನ ಅರ್ಧಕ್ಕೆ ಹತ್ತಿರ ಹತ್ತಿರ ಜೈಲಿನಲ್ಲೇ ಸವೆಸಿದ ಕ್ರಾಂತಿಕಾರಿ ಒಗ್ಯುಸ್ತ್ ಬ್ಲಾಂಕಿ ಎದುರು ಪಾಳೆಯದಿಂದ ಅದೇ ವಿಷಯ ಎತ್ತಿಕೊಂಡು ಬಂಡಾಯಗಾರರಿಗೆ ಸೂಚನೆಗಳನ್ನು ಬರೆದಿಟ್ಟ. ಹುಟ್ಟುವೈರಿಗಳಂತಿದ್ದ ಇಬ್ಬರೂ ಕೊಟ್ಟ ಸಲಹೆ ಒಂದೇ: ಬೀದಿಯಲ್ಲಿ ನಡೆಯಬೇಡಿ, ಅಕ್ಕಪಕ್ಕದ ಮನೆಗಳ ಗೋಡೆ ಕೊರೆದು ಒಳಗಿನಿಂದಲೇ ಮುಂದೆ ಸಾಗಿ. ಬ್ಯೂಜೋಗೆ ಈ ಪಾಠ ಸಿಕ್ಕಿದ್ದು ಸ್ಪೇನಿನ ಝರಗೋಝಾದಲ್ಲಿ. 1809ರಲ್ಲಿ ಆ ಊರನ್ನು ಮನೆ ಮನೆಯಾಗಿ ಹಿಡಿಯಬೇಕಾಗಿ ಬಂದಾಗ ಅವನು ನೆಪೋಲಿಯನ್ನನ ಸೈನ್ಯದಲ್ಲಿದ್ದ. ಅವನ ಹಸ್ತಪ್ರತಿ ಅಚ್ಚಾದದ್ದು ಮಾತ್ರ 1997ರಲ್ಲಿ.

ಅಲ್ಲಿಂದ ಇಲ್ಲಿಯವರೆಗೆ ಅಂತರ್ಯುದ್ಧಗಳ ನಗರ ಕಾಳಗ ಬಹಳಷ್ಟು ಬದಲಾಗಿದೆ. ಬಂಡಿಗಾಲಿಯ ತಡೆಗೋಡೆ ಹೋಗಿ ಡ್ರೋನ್ ಬಂದಿದೆ. ಗೋಡೆ ಕೊರೆಯುವ ವಿದ್ಯೆ ಎರಡೂ ಕಡೆಯವರಿಗೆ ಕರಗತವಾಗಿದೆ. ಆದರೆ ಯಾರು ಗೆದ್ದರು, ಯಾರು ಸೋತರು ಎಂದು ಒಂದೊಂದೇ ಊರನ್ನು ತೆಗೆದು ನೋಡಿದರೆ, ತೀರ್ಮಾನ ಹೆಚ್ಚು ಸಲ ಆಗಿರುವುದು ಆ ಪ್ರಸಿದ್ಧ ಬೀದಿಗಳಲ್ಲಲ್ಲ, ಊರಿಗೆ ಅಕ್ಕಿ-ಗೋಧಿ, ಮದ್ದುಗುಂಡು ಬರುತ್ತಿದ್ದ ಒಂದೆರಡು ರಸ್ತೆಗಳ ಮೇಲೆ.

ಪ್ಯಾರಿಸ್ಸಿನಿಂದಲೇ ಶುರುಮಾಡಬೇಕು. 1830ರ ಜುಲೈನಲ್ಲಿ ಚಪ್ಪಡಿ ಕಲ್ಲು, ಮಗುಚಿದ ಗಾಡಿ, ಪೀಪಾಯಿ, ಮಂಚಗಳನ್ನು ಒಟ್ಟಿ ಕಟ್ಟಿದ ಬ್ಯಾರಿಕೇಡುಗಳು ಮೂರೇ ದಿನದಲ್ಲಿ ಹತ್ತನೆಯ ಚಾರ್ಲ್ಸ್ ದೊರೆಯನ್ನು ಪಟ್ಟದಿಂದ ಇಳಿಸಿದವು. ಆ ಗೋಡೆಗಳು ಗುಂಡು ತಡೆದದ್ದಕ್ಕಿಂತ ಸೈನಿಕರ ಕಾಲು ತಡೆದದ್ದು ಹೆಚ್ಚು. ಇಕ್ಕಟ್ಟಾದ ಗಲ್ಲಿಯಲ್ಲಿ ನಿಂತ ಸಿಪಾಯಿ ಎದುರಿನವರ ಮುಖ ನೋಡುತ್ತಿದ್ದ, ಮಾತಿಗೆ ಸಿಗುತ್ತಿದ್ದ, ಎಷ್ಟೋ ಸಲ ಬಂದೂಕು ಕೆಳಗಿಳಿಸುತ್ತಿದ್ದ. 1848ರ ಜೂನ್‌ನಲ್ಲಿ ಊರು ಮತ್ತೆ ದಂಗೆ ಎದ್ದಾಗ ಜನರಲ್ ಕವೆನ್ಯಾಕ್ ಈ ಅವಕಾಶವನ್ನೇ ಕೊಡಲಿಲ್ಲ. ತುಕಡಿಗಳನ್ನು ಗಲ್ಲಿಗಲ್ಲಿಗೆ ಚದುರಿಸದೆ ಒಟ್ಟಿಗೆ ಇಟ್ಟುಕೊಂಡ, ಬ್ಯಾರಿಕೇಡುಗಳು ಏಳುವವರೆಗೆ ಕಾದ, ಆಮೇಲೆ ಫಿರಂಗಿ ಹಚ್ಚಿದ. ಹೊಸದಾಗಿ ಬಂದಿದ್ದ ರೈಲು ಹಳ್ಳಿಗಾಡಿನಿಂದ ಸ್ವಯಂಸೇವಕ ಪಡೆಗಳನ್ನು ತಂದು ಸುರಿಯಿತು. ನಾಲ್ಕು ದಿನಕ್ಕೆ ದಂಗೆ ಮುಗಿಯಿತು. ಐದು ವರ್ಷಗಳ ನಂತರ ಪ್ಯಾರಿಸ್ಸಿನ ಆಡಳಿತಾಧಿಕಾರಿ ಊಸ್ಮಾನ್ ಹಳೆಯ ಓಣಿಗಳನ್ನು ಕೆಡವಿ ಅಗಲವಾದ ಬೂಲ್‌ವಾರ್‌ಗಳನ್ನು ಹಾಕತೊಡಗಿದ. ಅದು ಗಾಳಿ ಬೆಳಕಿಗಾಗಿಯೋ ಫಿರಂಗಿಗಾಗಿಯೋ ಎಂಬ ಜಗಳ ಇನ್ನೂ ನಿಂತಿಲ್ಲ. ಎರಡಕ್ಕೂ ಒದಗಿತು ಎಂಬುದಂತೂ ನಿಜ. ಬ್ಯಾರಿಕೇಡಿನ ಕಾಲ ಮುಗಿಯಿತು ಎಂದು 1895ರಲ್ಲಿ ಕ್ರಾಂತಿಯ ಚಿಂತಕ ಎಂಗೆಲ್ಸನೇ ಬರೆದ.

ಎಂಗೆಲ್ಸ್‌ಗೆ ಹಾಗನ್ನಿಸಲು 1871 ಸಾಕಾಗಿತ್ತು. ಆ ವರ್ಷ ಊರಿನ ಆಡಳಿತ ಹಿಡಿದ ಕ್ರಾಂತಿಕಾರಿ ಪ್ಯಾರಿಸ್ ಕಮ್ಯೂನ್‌ನ ಬ್ಯಾರಿಕೇಡುಗಳ ಉಸ್ತುವಾರಿ ನೆಪೋಲಿಯನ್ ಗೈಯ್ಯಾರ್ ಎಂಬ ಚಮ್ಮಾರನದು. ಅವನು ಕಾಂಕಾರ್ಡ್ ಚೌಕದ ಬಳಿ ಕಟ್ಟಿಸಿದ ಗೋಡೆ ಕೋಟೆಯಂತಿತ್ತು. ಮೇ 21ರಂದು ಸರ್ಕಾರಿ ಪಡೆ ಕಾವಲಿಲ್ಲದ ಒಂದು ದ್ವಾರದಿಂದ ಒಳನುಗ್ಗಿ, ಅಂಥ ಗೋಡೆಗಳಿಗೆ ಎದುರಾಗಿ ಹೋಗುವ ಬದಲು ಪಕ್ಕದ ಮನೆಗಳ ಮೂಲಕ ಹಿಂದಕ್ಕೆ ಬಂತು. ಉತ್ತರ, ಪೂರ್ವಗಳಲ್ಲಿ ಆಗಷ್ಟೇ ಫ್ರಾನ್ಸನ್ನು ಸೋಲಿಸಿದ್ದ ಜರ್ಮನ್ ಸೈನ್ಯ ಕೂತಿದ್ದರಿಂದ ಕಮ್ಯೂನಿನವರಿಗೆ ಹೊರಹೋಗಲು ದಾರಿಯಿರಲಿಲ್ಲ. ಒಂದು ವಾರದಲ್ಲಿ ಸತ್ತವರ ಲೆಕ್ಕ ಇತಿಹಾಸಕಾರರ ಪ್ರಕಾರ 6,000ದಿಂದ 20,000ದವರೆಗೆ ಹರಡಿದೆ.

ಸ್ಪೇನಿನ ಅಂತರ್ಯುದ್ಧದಲ್ಲಿ, ಮ್ಯಾಡ್ರಿಡ್‌ನಲ್ಲಿ, ಪಾತ್ರಗಳು ಅದಲುಬದಲಾದವು. 1936ರ ನವೆಂಬರಿನಲ್ಲಿ ಊರೊಳಗಿದ್ದದ್ದು ಗಣರಾಜ್ಯದ ಚುನಾಯಿತ ಸರ್ಕಾರದ ಪಡೆ, ಹೊರಗಿನಿಂದ ಬಂದದ್ದು ಫ್ರಾಂಕೋನ ಬಂಡಾಯ ಸೈನ್ಯ. ಊರು ಉಳಿಯುವ ನಂಬಿಕೆ ಸರ್ಕಾರಕ್ಕೇ ಇರಲಿಲ್ಲ. ನವೆಂಬರ್ 6ರಂದು ಮಂತ್ರಿಗಳು ವೆಲೆನ್ಸಿಯಾಕ್ಕೆ ಹೊರಟರು, ಊರಿನ ಹೊಣೆ ಜನರಲ್ ಮಿಯಾಹಾನ ತಲೆಗೆ ಬಿತ್ತು. ಮರುದಿನ ಸತ್ತ ಶತ್ರು ಅಧಿಕಾರಿಯೊಬ್ಬನ ಬಳಿ ದಾಳಿಯ ಯೋಜನೆಯೇ ಸಿಕ್ಕಿತು. ಅಲ್ಲಿಂದ ಕಾಳಗ ವಿಶ್ವವಿದ್ಯಾಲಯದ ಆವರಣಕ್ಕೆ ಹೊಕ್ಕಿತು. ಒಂದೇ ಕಟ್ಟಡದ ಒಂದು ಮಹಡಿ ಇವರದು, ಇನ್ನೊಂದು ಅವರದು. ತತ್ವಶಾಸ್ತ್ರ ವಿಭಾಗದಲ್ಲಿದ್ದ ವಿದೇಶಿ ಸ್ವಯಂಸೇವಕರು ಗ್ರಂಥಾಲಯದ ದಪ್ಪ ಪುಸ್ತಕಗಳನ್ನು ಕಿಟಕಿಗೆ ಒಟ್ಟಿ ಗುಂಡು ತಡೆದರು. ಅವುಗಳಲ್ಲಿ ಭಾರತೀಯ ತತ್ವಶಾಸ್ತ್ರದ ಸಂಪುಟಗಳೂ ಇದ್ದವಂತೆ. ಕಥೆಗಳಲ್ಲಿ ಉಳಿದಿರುವುದು ಇದೆಲ್ಲ. ಊರು ಎರಡೂವರೆ ವರ್ಷ ನಿಂತದ್ದು ಇನ್ನೊಂದು ಕಾರಣಕ್ಕೆ: 1937ರ ಫೆಬ್ರವರಿಯಲ್ಲಿ ಹರಾಮಾ ನದಿಯ ಬಳಿ ವೆಲೆನ್ಸಿಯಾ ರಸ್ತೆಯನ್ನು ಕಡಿಯಲು ಫ್ರಾಂಕೋ ಮಾಡಿದ ಪ್ರಯತ್ನ ಸೋತಿತು. ಆ ರಸ್ತೆ ತೆರೆದಿದ್ದಷ್ಟು ಕಾಲ ಊರಿಗೆ ಹೇಗೋ ಊಟ ಬಂತು. 1939ರ ಮಾರ್ಚ್ 28ರಂದು ಫ್ರಾಂಕೋ ಸೈನ್ಯ ಒಳಬಂದಾಗ ಬೀದಿ ಕಾಳಗವೇ ನಡೆಯಲಿಲ್ಲ; ಗಣರಾಜ್ಯ ಆಗಲೇ ಒಳಗಿನಿಂದ ಒಡೆದುಹೋಗಿತ್ತು.

ಎರಡನೇ ಮಹಾಯುದ್ಧದ ನಂತರ ಬಂಡಾಯಗಾರರು ಕೆಲಕಾಲ ಬೇರೆ ದಾರಿ ಹಿಡಿದರು. ಊರನ್ನು ಹಿಡಿದು ನಿಲ್ಲುವ ಬದಲು ಊರಲ್ಲಿ ಕರಗಿಹೋಗುವುದು. ಅಲ್ಜಿಯರ್ಸ್‌ನ ಹಳೆಯ ಬಡಾವಣೆ ಕಸ್ಬಾದಲ್ಲಿ 1957ರಲ್ಲಿ ಇದಕ್ಕೆ ಉತ್ತರವಾಗಿ ಫ್ರೆಂಚ್ ಪ್ಯಾರಾ ಪಡೆಯ ಮಸ್ಸು ಮುಳ್ಳುತಂತಿ, ಮನೆಮನೆ ಗಣತಿ ಮತ್ತು ಚಿತ್ರಹಿಂಸೆಯನ್ನು ಒಟ್ಟಿಗೆ ತಂದ. ಕಸ್ಬಾ ಗೆದ್ದ, ಐದು ವರ್ಷದಲ್ಲಿ ಫ್ರಾನ್ಸ್ ಅಲ್ಜೀರಿಯಾ ಕಳೆದುಕೊಂಡಿತು. ಬ್ರೆಜಿಲ್‌ನ ಕಾರ್ಲೋಸ್ ಮರಿಗೆಲ್ಲಾ 1969ರಲ್ಲಿ ನಗರ ಗೆರಿಲ್ಲಾಗಳಿಗೊಂದು ಕಿರುಗೈಪಿಡಿ ಬರೆದ. ಅದು ದೇಶದೇಶ ಸುತ್ತಿತು. ಅವನನ್ನು ಮಾತ್ರ ಅದೇ ವರ್ಷದ ನವೆಂಬರಿನಲ್ಲಿ ಸಾವೊ ಪಾವ್ಲೊ ಬೀದಿಯಲ್ಲಿ ಪೊಲೀಸರು ಕೊಂದರು. ಬೈರೂತ್‌ನಲ್ಲಿ 1975-76ರ ಹೋಟೆಲುಗಳ ಕದನ ಎತ್ತರದ ಬೆಲೆ ತೋರಿಸಿತು: ಹಾಲಿಡೇ ಇನ್‌ನ ಮೇಲಂತಸ್ತು ಯಾರದೋ ಅವರದೇ ಕೆಳಗಿನ ಬೀದಿ. ಸಿರಿಯಾದ ಹಮಾದಲ್ಲಿ 1982ರ ಫೆಬ್ರವರಿಯಲ್ಲಿ ಹಫೀಝ್ ಅಲ್ ಅಸದ್ ಸರ್ಕಾರ ಊರನ್ನು ಸುತ್ತುವರಿದು ಹಳೆಯ ಬಡಾವಣೆಗಳನ್ನೇ ನೆಲಸಮ ಮಾಡಿತು. ಸತ್ತವರ ಅಂದಾಜು 10,000ದಿಂದ 40,000ದವರೆಗೆ.

ಭಾರತದ ಸೈನ್ಯವೂ ಈ ಪಾಠಶಾಲೆಗೆ ಕಾಲಿಟ್ಟಿದೆ, ಅದೂ ಇನ್ನೊಬ್ಬರ ಅಂತರ್ಯುದ್ಧದಲ್ಲಿ. 1987ರ ಅಕ್ಟೋಬರ್ 11ರ ರಾತ್ರಿ ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರುಗಳಲ್ಲಿ ಇಳಿದ ಭಾರತದ ಶಾಂತಿಪಾಲನಾ ಪಡೆಯ ಯೋಧರಿಗೆ ತಮಿಳು ಹುಲಿಗಳ ಸಂಘಟನೆ ಎಲ್‌ಟಿಟಿಇ ಕಾದು ಕೂತಿತ್ತು; ರೇಡಿಯೋ ಮಾತು ಅದರ ಕಿವಿಗೆ ಬಿದ್ದಿತ್ತು. ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ 29 ಮಂದಿ ಅಲ್ಲೇ ಸತ್ತರು. ಊರು ಕೈಗೆ ಬರಲು ಎರಡು ವಾರ ಹಿಡಿಯಿತು. ಆ ನಡುವೆ ಜಾಫ್ನಾ ಆಸ್ಪತ್ರೆಯೊಳಗೆ ರೋಗಿಗಳೂ ವೈದ್ಯರೂ ದಾದಿಯರೂ ಗುಂಡಿಗೆ ಬಲಿಯಾದರು. ಆ ಗಾಯ ಜಾಫ್ನಾದ ತಮಿಳರಲ್ಲಿ ಇಂದಿಗೂ ಹಸಿಯಾಗಿದೆ. ಹುಲಿಗಳು ಹಿನ್ನೀರು ದಾಟಿ ವನ್ನಿಯ ಕಾಡು ಸೇರಿದರು. ಊರು ಸಿಕ್ಕಿತು, ಯುದ್ಧ ಸಿಗಲಿಲ್ಲ. 1995ರಲ್ಲಿ ಶ್ರೀಲಂಕಾ ಸೈನ್ಯ ಜಾಫ್ನಾ ಸಮೀಪಿಸಿದಾಗ ಎಲ್‌ಟಿಟಿಇ ಇನ್ನೂ ಕಠೋರವಾದ ಉಪಾಯ ಮಾಡಿತು: ಲಕ್ಷಾಂತರ ಜನರನ್ನು ಊರು ಬಿಡಿಸಿ, ಶತ್ರುವಿಗೆ ಖಾಲಿ ಊರು ಬಿಟ್ಟುಕೊಟ್ಟಿತು.

ನಗರ ಕಾಳಗ ಓದುವ ಸೇನಾಧಿಕಾರಿಗಳು ಇಂದಿಗೂ ಮತ್ತೆ ಮತ್ತೆ ಮರಳುವುದು ಗ್ರೋಜ್ನಿಗೆ. ಒಂದು ಪ್ಯಾರಾಟ್ರೂಪ್ ರೆಜಿಮೆಂಟು, ಎರಡು ಗಂಟೆ, ಅಷ್ಟು ಸಾಕು ಎಂದು ರಷ್ಯಾದ ರಕ್ಷಣಾ ಸಚಿವ ಪಾವೆಲ್ ಗ್ರಚೋವ್ ಜಂಬ ಕೊಚ್ಚಿದ್ದ. 1994ರ ಡಿಸೆಂಬರ್ 31ರಂದು ಮೈಕೋಪ್ ಬ್ರಿಗೇಡು ಮೆರವಣಿಗೆ ಹೊರಟಂತೆ ಸಾಲಾಗಿ ಚೆಚೆನ್ಯಾದ ರಾಜಧಾನಿ ಹೊಕ್ಕು ರೈಲು ನಿಲ್ದಾಣ ತಲುಪಿತು. ದಾರಿಯಲ್ಲಿ ಪ್ರತಿರೋಧವೇ ಇರಲಿಲ್ಲ, ಇದು ಅನುಮಾನ ಹುಟ್ಟಿಸಬೇಕಿತ್ತು. ಚೆಚೆನ್ನರ ಕಡೆ ದಂಡನಾಯಕ ಅಸ್ಲಾನ್ ಮಸ್ಖಾದೋವ್, ಸೋವಿಯತ್ ಸೈನ್ಯದಲ್ಲೇ ಫಿರಂಗಿ ದಳದ ಕರ್ನಲ್ ಆಗಿದ್ದವನು. ಅವನ ಜನ ಮೂರು ನಾಲ್ಕು ಮಂದಿಯ ಗುಂಪುಗಳಾಗಿ ಹಂಚಿಹೋಗಿದ್ದರು: ಒಬ್ಬನ ಹೆಗಲಲ್ಲಿ ಆರ್‌ಪಿಜಿ, ಒಬ್ಬನ ಕೈಲಿ ಮೆಷಿನ್‌ಗನ್, ಒಬ್ಬ ಸ್ನೈಪರ್. ನೆಲಮಾಳಿಗೆಯಿಂದಲೂ ಮೇಲಂತಸ್ತಿನಿಂದಲೂ ಹೊಡೆದರು; ಟ್ಯಾಂಕಿನ ಫಿರಂಗಿ ಅಷ್ಟು ಕೆಳಕ್ಕೂ ಬಾಗದು, ಅಷ್ಟು ಮೇಲಕ್ಕೂ ಏಳದು. ಮೊದಲ ಮತ್ತು ಕೊನೆಯ ವಾಹನ ಸುಟ್ಟರೆ ನಡುವಿನವು ತಾವಾಗಿಯೇ ಸಿಕ್ಕಿಬೀಳುತ್ತವೆ. ಬ್ರಿಗೇಡಿನ 26 ಟ್ಯಾಂಕುಗಳಲ್ಲಿ 20 ನಾಶವಾದವು, ಅದರ ಕರ್ನಲ್ ಸವಿನ್ ಸತ್ತ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಕಡಿಮೆ ಹೇಳುವುದು ದಕ್ಷಿಣದ ಕಥೆ. ರಷ್ಯನ್ನರು ಊರನ್ನು ಪೂರ್ತಿ ಸುತ್ತುಗಟ್ಟಿರಲಿಲ್ಲ; ದಕ್ಷಿಣದ ಬಾಯಿ ತೆರೆದೇ ಇತ್ತು. ಗಾಯಾಳುಗಳು ಅಲ್ಲಿಂದ ಹೊರಗೆ, ಹೊಸಬರು ಒಳಗೆ. ಜನವರಿ 19ರಂದು ಅಧ್ಯಕ್ಷರ ಅರಮನೆ ಬಿದ್ದರೂ ಕಾಳಗ ಎಳೆಯುತ್ತಲೇ ಹೋಯಿತು. ಸಿಟ್ಟಿನ ಫಿರಂಗಿಗೆ ಸತ್ತ ನಾಗರಿಕರಲ್ಲಿ ಅನೇಕರು ವಯಸ್ಸಾದ ರಷ್ಯನ್ನರೇ, ಏಕೆಂದರೆ ಚೆಚೆನ್ನರಿಗೆ ಹೋಗಲು ಹಳ್ಳಿಯಲ್ಲಿ ನೆಂಟರಿದ್ದರು, ಇವರಿಗೆ ಇರಲಿಲ್ಲ. 1996ರ ಆಗಸ್ಟಿನಲ್ಲಿ ಚೆಚೆನ್ನರು ನುಸುಳಿ ಬಂದು ಊರನ್ನು ಮರಳಿ ಹಿಡಿದರು. 1999ರ ಚಳಿಗಾಲದಲ್ಲಿ ರಷ್ಯನ್ನರು ಎರಡನೇ ಬಾರಿ ಬಂದಾಗ ಊರಿನ ಸುತ್ತ ಬಿಗಿಯಾದ ಬಳೆ ಹಾಕಿ, ದೂರದಿಂದಲೇ ಹೊಡೆದರು. 2000ದ ಜನವರಿ ಕೊನೆಗೆ ಹೊರಬೀಳಲು ಯತ್ನಿಸಿದ ಬಂಡುಕೋರರು ಅಲ್ಖಾನ್-ಕಲಾ ಬಳಿಯ ನೆಲಬಾಂಬುಗಳ ಮೇಲೆ ನಡೆದರು. ಅವರ ದಂಡನಾಯಕರಲ್ಲೊಬ್ಬನಾದ ಶಮೀಲ್ ಬಸಾಯೆವ್ ತನ್ನ ಪಾದ ಕಳೆದುಕೊಂಡದ್ದು ಅಲ್ಲೇ.

ಅದೇ ದಶಕದ ಸರಯೇವೊ ಇದಕ್ಕೆ ತದ್ವಿರುದ್ಧ. ಗುಡ್ಡದ ಮೇಲೆ ಬೋಸ್ನಿಯನ್ ಸರ್ಬ್ ಬಂಡುಕೋರರು, ಬಟ್ಟಲಿನಂಥ ಊರೊಳಗೆ ಸರ್ಕಾರ. 1,425 ದಿನದ ಮುತ್ತಿಗೆಯಲ್ಲಿ ಊರು ಬೀಳದಿರಲು ವಿಶ್ವಸಂಸ್ಥೆಯ ವಿಮಾನಗಳ ಜೊತೆಗೆ, ವಿಮಾನ ನಿಲ್ದಾಣದ ಕೆಳಗೆ ಗುದ್ದಲಿಯಲ್ಲಿ ತೋಡಿದ ಸುಮಾರು 800 ಮೀಟರಿನ ಸುರಂಗವೂ ಕಾರಣ. 1993ರ ಜುಲೈ ಕೊನೆಗೆ ಅದು ತೆರೆಯಿತು. ತಲೆ ಬಗ್ಗಿಸಿಯೇ ನಡೆಯಬೇಕಾದ ಆ ಸುರಂಗದಲ್ಲಿ ಹಿಟ್ಟು, ಬಂದೂಕು, ಗಾಯಾಳು ಎಲ್ಲ ಓಡಾಡಿದವು.

ಸಿರಿಯಾದ ಅಲೆಪ್ಪೊದಲ್ಲಿ ಹಳೆಯ ವಿದ್ಯೆಗಳೆಲ್ಲ ಒಂದೇ ಊರಿಗೆ ಬಂದು ಸೇರಿದವು. 2012ರ ಜುಲೈನಲ್ಲಿ ಬಂಡುಕೋರರು ಸಲಾಹೆದ್ದೀನ್ ಬಡಾವಣೆ ಹೊಕ್ಕ ಮೇಲೆ ಊರು ಪೂರ್ವ, ಪಶ್ಚಿಮವಾಗಿ ಸೀಳಿಹೋಯಿತು. ಕೆಲಸಕ್ಕೆ, ಸಂಬಳಕ್ಕೆ, ತರಕಾರಿಗೆ ಜನ ಬುಸ್ತಾನ್ ಅಲ್ ಕಸರ್ ಬಡಾವಣೆ ದಾಟಿ ಆಚೀಚೆ ಹೋಗಬೇಕಿತ್ತು, ಅಲ್ಲಿ ಸ್ನೈಪರುಗಳಿದ್ದರು. ಅವರ ಕಣ್ಣು ಮರೆಮಾಡಲು ಬೀದಿಗಳಿಗೆ ಬಟ್ಟೆಯ ಪರದೆ ಕಟ್ಟಿದರು, ಸುಟ್ಟ ಬಸ್ಸುಗಳನ್ನು ನೆಟ್ಟಗೆ ನಿಲ್ಲಿಸಿ ಗೋಡೆ ಮಾಡಿದರು. ಬ್ಲಾಂಕಿ ಕಂಡಿದ್ದರೆ ಗುರುತು ಹಿಡಿಯುತ್ತಿದ್ದ. ಬಂಡುಕೋರರು ಅಡುಗೆ ಅನಿಲದ ಸಿಲಿಂಡರಿಗೆ ಮದ್ದು ತುಂಬಿ ಹಾರಿಸುವ ಫಿರಂಗಿ ಕಟ್ಟಿದರು, 2014ರ ಮೇನಲ್ಲಿ ಸುರಂಗ ತೋಡಿ ಕಾರ್ಲ್‌ಟನ್ ಹೋಟೆಲನ್ನೇ ಉಡಾಯಿಸಿದರು. ಸರ್ಕಾರ ಹೆಲಿಕಾಪ್ಟರಿನಿಂದ ಸ್ಫೋಟಕ ತುಂಬಿದ ಪೀಪಾಯಿಗಳನ್ನು ಉರುಳಿಸಿತು. ಉಮಯ್ಯದ್ ಮಸೀದಿಯ ಹಳೆಯ ಮಿನಾರು 2013ರ ಏಪ್ರಿಲ್‌ನಲ್ಲಿ ಉರುಳಿತು. ಎರಡೂ ಕಡೆಯವರು ಒಬ್ಬರನ್ನೊಬ್ಬರು ದೂರಿದರು. ನಾಲ್ಕು ವರ್ಷ ಗಡಿರೇಖೆ ಕೆಲವು ಬೀದಿಗಳಷ್ಟೇ ಅತ್ತಿತ್ತ ಸರಿಯಿತು. 2016ರ ಜುಲೈನಲ್ಲಿ ಪೂರ್ವ ಅಲೆಪ್ಪೊಗೆ ಉಳಿದಿದ್ದ ಒಂದೇ ದಾರಿ, ಕಾಸ್ಟೆಲ್ಲೊ ರಸ್ತೆ, ಸರ್ಕಾರದ ಕೈಸೇರಿತು. ಆಗಸ್ಟಿನಲ್ಲಿ ಬಂಡುಕೋರರು ರಮೂಸೆಯ ಕಡೆಯಿಂದ ಸ್ವಲ್ಪ ದಿನ ದಾರಿ ಬಿಡಿಸಿಕೊಂಡರೂ ಅದು ಉಳಿಯಲಿಲ್ಲ. ಡಿಸೆಂಬರಿನಲ್ಲಿ ಹಸಿರು ಬಸ್ಸುಗಳಲ್ಲಿ ಸುಮಾರು 35,000 ಜನ ಹೊರಟುಹೋದರು. ಸಿರಿಯಾದ ಇತರ ಊರುಗಳಾದ ಹೋಮ್ಸ್, ದಾರಯ್ಯಾಗಳ ಕಥೆಯೂ ಹೀಗೇ ಮುಗಿದಿತ್ತು: ಮುತ್ತಿಗೆ, ಹಸಿವು, ಒಪ್ಪಂದ, ಬಸ್ಸು.

ನಾಲ್ಕೂವರೆ ವರ್ಷ ಕಾದಾಡಿ ಗೆದ್ದ ಅದೇ ಅಲೆಪ್ಪೊವನ್ನು ಸರ್ಕಾರಿ ಸೈನ್ಯ 2024ರ ನವೆಂಬರ್ ಕೊನೆಗೆ ಮೂರ್ನಾಲ್ಕು ದಿನದಲ್ಲಿ ಬಿಟ್ಟು ಓಡಿತು. ಡಿಸೆಂಬರ್ 8ರಂದು ಡಮಾಸ್ಕಸ್ ಬಿತ್ತು. ಸಂಬಳ, ಮನಸ್ಸು, ಹೊರಗಿನ ಆಸರೆ ಮೂರೂ ಸೊರಗಿದ ಸೈನ್ಯಕ್ಕೆ ಮನೆ ಮನೆಗೂ ಕಾದುವ ಪ್ರಶ್ನೆಯೇ ಏಳಲಿಲ್ಲ.

ಸುಡಾನ್‌ನಲ್ಲಿ ಯಾರು ಸರ್ಕಾರ, ಯಾರು ಬಂಡುಕೋರ ಎಂಬುದೇ ಒಂದು ಬೆಳಗಿನಲ್ಲಿ ಬದಲಾಯಿತು. 2023ರ ಏಪ್ರಿಲ್ 15ರವರೆಗೆ ಸರ್ಕಾರದ ಭಾಗವೇ ಆಗಿದ್ದ ಆರ್‌ಎಸ್‌ಎಫ್ ಅರೆಸೈನಿಕ ಪಡೆ ಖಾರ್ಟೂಮ್‌ನ ಮನೆಗಳಿಗೆ ನುಗ್ಗಿ ಕೂತಿತು. ಸೈನ್ಯಕ್ಕೆ ವಿಮಾನವಿತ್ತು, ಟ್ಯಾಂಕಿತ್ತು. ಗಲ್ಲಿಯಲ್ಲಿ ನಡೆದು ಕಾದುವ ಕಾಲಾಳು ಮಾತ್ರ ಸಾಲದಾಗಿತ್ತು. ಆ ದಿನಗಳಲ್ಲಿ ಕನ್ನಡ ಪತ್ರಿಕೆಗಳ ಮುಖಪುಟಕ್ಕೂ ಈ ಯುದ್ಧ ಬಂತು. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದರು, ಅವರಲ್ಲಿ ಕೆಲವರು ದೂರದ ಡಾರ್ಫುರ್‌ನ ಅಲ್ ಫಾಶಿರ್ ಊರಿನಲ್ಲಿ. ಇಲ್ಲಿ ವಿಧಾನಸಭಾ ಚುನಾವಣೆಯ ಕಾವು ಇದ್ದುದರಿಂದ ಅವರ ಸಂಕಟ ರಾಜಕೀಯ ಜಟಾಪಟಿಗೂ ವಸ್ತುವಾಯಿತು. ಭಾರತ ಸರ್ಕಾರದ ತೆರವು ಕಾರ್ಯಾಚರಣೆ 'ಆಪರೇಷನ್ ಕಾವೇರಿ'ಯಲ್ಲಿ ಅವರು ಊರಿಗೆ ಮರಳಿದರು. ಖಾರ್ಟೂಮನ್ನು ಸೈನ್ಯ ಸೇತುವೆ ಸೇತುವೆಯಾಗಿ ಹಿಡಿಯುತ್ತ ಬಂದು, ಎದುರಾಳಿಯ ದಾರಿಗಳನ್ನು ಕಟ್ಟಿ, 2025ರ ಮಾರ್ಚ್‌ನಲ್ಲಿ ಅರಮನೆಯನ್ನೂ ವಿಮಾನ ನಿಲ್ದಾಣವನ್ನೂ ಮರಳಿ ಪಡೆಯಿತು.

ಅಲ್ ಫಾಶಿರ್‌ನಲ್ಲಿ ಅದೇ ಅಸ್ತ್ರ ಆರ್‌ಎಸ್‌ಎಫ್ ಕೈಲಿತ್ತು. 2024ರ ಮೇನಿಂದ ಊರಿಗೆ ಮುತ್ತಿಗೆ. ಸುತ್ತ ಮಣ್ಣಿನ ದಿಬ್ಬ ಏಳುತ್ತಿರುವುದನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ತಿಂಗಳು ತಿಂಗಳೂ ಅಳೆದು ತೋರಿಸಿದರು. ಒಳಗಿನ ಜನ ದನಕ್ಕೆ ಹಾಕುವ ಕಡಲೆಕಾಯಿ ಹಿಂಡಿ ತಿಂದರು. ಮೇಲಿನಿಂದ ಡ್ರೋನ್. 2025ರ ಅಕ್ಟೋಬರ್ 26ರಂದು ಸೈನ್ಯದ ಆರನೇ ಡಿವಿಷನ್ನಿನ ನೆಲೆ ಬಿತ್ತು, ಹಿಂದೆಯೇ ನಾಗರಿಕರ ಸಾಮೂಹಿಕ ಹತ್ಯೆ ನಡೆಯಿತು. ಇದು ಕತ್ತಲಲ್ಲಿ ನಡೆದದ್ದಲ್ಲ. ಜಗತ್ತು ಹದಿನೇಳು ತಿಂಗಳು ಮೇಲಿನಿಂದ ನೋಡುತ್ತಿತ್ತು.

ಅಂತರ್ಯುದ್ಧದಲ್ಲಿ ನಾಗರಿಕರನ್ನು ಹಸಿವಿಗೆ ದೂಡುವುದನ್ನು ಯುದ್ಧತಂತ್ರವಾಗಿ ಬಳಸಕೂಡದು ಎಂದು ಜಿನೀವಾ ಒಪ್ಪಂದಗಳ 1977ರ ಎರಡನೇ ಪ್ರೋಟೊಕಾಲಿನ 14ನೇ ವಿಧಿ ಹೇಳುತ್ತದೆ. 2018ರಲ್ಲಿ ಭದ್ರತಾ ಮಂಡಳಿಯೂ 2417ನೇ ನಿರ್ಣಯದಲ್ಲಿ ಅದನ್ನೇ ಖಂಡಿಸಿತು. ಸುಡಾನ್ ಆ ಪ್ರೋಟೊಕಾಲಿಗೆ 2006ರಲ್ಲೇ ಸೇರಿತ್ತು. ಸಿರಿಯಾ ಸೇರಲಿಲ್ಲ. ಭಾರತವೂ ಇದುವರೆಗೆ ಸೇರಿಲ್ಲ.