ಶಿವಮೊಗ್ಗ ಸೀಮೆಯಿಂದ ಪರದೇಶದ ಊರಿಗೆ: ಸ್ವಂತ ತಿರುಗಾಟದ ಚರಿತ್ರೆ

ಪ್ರವಾಸ ಸಂಸ್ಥೆಯ ಪ್ಯಾಕೇಜಿನ ಹಂಗಿಲ್ಲದೆ, ಟಿಕೆಟ್ಟು, ತಂಗುವ ಜಾಗ, ತಿರುಗಾಡುವ ದಾರಿ ಎಲ್ಲವನ್ನೂ ತಾವೇ ಗೊತ್ತುಮಾಡಿಕೊಂಡು ನಾಲ್ಕೈದು ದಿನ ಪರದೇಶದ ಒಂದು ನಗರ ನೋಡಿ ಬರುವ ರೂಢಿ ಶಿವಮೊಗ್ಗ, ಭದ್ರಾವತಿ ಸೀಮೆಯಲ್ಲಿ ಬೇರೂರಿದ್ದು ಈ ಶತಮಾನದಲ್ಲಿ. ಹೊಳಲೂರಿನಂಥ ಹೋಬಳಿ ಊರಿನವರೂ ಇಂದು ಮೊಬೈಲಿನಲ್ಲೇ ಬ್ಯಾಂಕಾಕಿಗೋ ಕೊಲಂಬೊಗೋ ಸೀಟು ಕಾಯ್ದಿರಿಸಬಲ್ಲರು. ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ್ದೇ ಇದಕ್ಕೆ ಕಾರಣ ಎಂಬ ಮಾತಿದೆ. ಅದು ಅರ್ಧ ನಿಜ. ದುಡ್ಡಿದ್ದವರಿಗೂ ದಾಟಲಾಗದ ಮೂರು ಬಾಗಿಲುಗಳು ಬಹುಕಾಲ ಮುಚ್ಚಿದ್ದವು: ಪಾಸ್‌ಪೋರ್ಟು, ವಿದೇಶಿ ಹಣ, ಟಿಕೆಟ್ಟು. ಅವು ತೆರೆದುಕೊಂಡದ್ದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಗಳಿಂದ.

ತಾವೇ ಯೋಜಿಸಿ ದೂರ ಹೋಗುವುದು ಮಾತ್ರ ಇಲ್ಲಿನವರಿಗೆ ಹೊಸದಲ್ಲ. ಹೊಳಲೂರಿಗೆ ಹತ್ತಿರದ ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಸೇರುತ್ತಾರೆ. ಸಂಗಮದ ಸ್ನಾನಕ್ಕೆ ಬರುವವರೂ ಅಲ್ಲಿಂದ ಮುಂದಿನ ಕ್ಷೇತ್ರಗಳಿಗೆ ಹೊರಡುವವರೂ ಎಂದಿನಿಂದಲೂ ಇದ್ದರು. ರೈಲು ಬರುವ ಮೊದಲು ಕಾಶಿಯಾತ್ರೆ ತಿಂಗಳುಗಟ್ಟಲೆಯ ಕೆಲಸ. ಹೊರಡುವ ಕಾಲವನ್ನು ಮಳೆ ಮತ್ತು ಸುಗ್ಗಿ ನೋಡಿ ನಿಶ್ಚಯಿಸಬೇಕು. ದಾರಿಯಲ್ಲಿ ಎಲ್ಲೆಲ್ಲಿ ಛತ್ರವಿದೆ, ಅರವಟ್ಟಿಗೆ ಇದೆ ಎಂಬುದನ್ನು ಹೋಗಿ ಬಂದವರಿಂದ ಕೇಳಿ ತಿಳಿಯಬೇಕು. ಕೈಯಲ್ಲಿ ನಾಣ್ಯ ಹೊತ್ತು ನಡೆಯುವುದು ಅಪಾಯವಾದ್ದರಿಂದ ಅನುಕೂಲಸ್ಥರು ಸಾಹುಕಾರರ ಹುಂಡಿ ಬರೆಸಿಕೊಂಡು, ಇನ್ನೊಂದು ಊರಿನಲ್ಲಿ ಹಣ ಪಡೆಯುತ್ತಿದ್ದರು. ಬುತ್ತಿಯಲ್ಲಿ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ. ಕಾಶಿಯಲ್ಲಿ ಮೈಸೂರು ಸಂಸ್ಥಾನದ್ದೇ ಛತ್ರವೂ ಘಟ್ಟವೂ ಇದ್ದುದರಿಂದ ಅಲ್ಲಿಗೆ ಹೋದವರಿಗೆ ತಲೆಯ ಮೇಲೊಂದು ಸೂರಿನ ಚಿಂತೆ ಇರಲಿಲ್ಲ. ವೇಳೆ, ವಸತಿ, ಹಣ, ಊಟ ಎಂಬ ನಾಲ್ಕು ಲೆಕ್ಕ ಆಗಲೂ ಇದ್ದವು, ಈಗಲೂ ಅವೇ ಇವೆ. ಬಡ ಯಾತ್ರಿಕರು ಈ ಲೆಕ್ಕವನ್ನು ಎಷ್ಟು ಬಿಗಿಯಾಗಿ ಹಾಕುತ್ತಿದ್ದರೆಂದರೆ, ಇಂದಿನ ಮಿತವ್ಯಯದ ಪ್ರವಾಸಿ ಅವರಿಂದ ಕಲಿಯುವುದು ಬಹಳಷ್ಟಿದೆ.

ಬೀರೂರು–ಶಿವಮೊಗ್ಗ ರೈಲು ಮಾರ್ಗ 1899ರಲ್ಲಿ ತೆರೆಯಿತು. ಅದರೊಂದಿಗೆ ಶಿವಮೊಗ್ಗ ಬೆಂಗಳೂರಿಗೂ ಪುಣೆಯ ಕಡೆಗೂ ಹೆಣೆದುಕೊಂಡಿತು. ಬೊಂಬಾಯಿ ಬಂದರು ಎಟುಕುವ ದೂರಕ್ಕೆ ಬಂತು. ಟಾಮಸ್ ಕುಕ್ ಕಂಪನಿ 1881ರಲ್ಲೇ ಬೊಂಬಾಯಿಯಲ್ಲಿ ಕಚೇರಿ ತೆರೆದಿತ್ತು. ಆದರೆ ಹಡಗಿನ ಪ್ರಯಾಣ ವಾರಗಟ್ಟಲೆಯದು, ಅದರ ದರ ಸಾಮಾನ್ಯರ ಕೈಗೆ ಮೀರಿದ್ದು. ಸಮುದ್ರ ದಾಟಿದವರಿಗೆ ಪ್ರಾಯಶ್ಚಿತ್ತ ವಿಧಿಸುವ ಕಟ್ಟೂ ಹಲವು ಮನೆತನಗಳಲ್ಲಿ ಗಟ್ಟಿಯಾಗಿತ್ತು. ಹಾಗಾಗಿ ಅಂದು ಹೊರದೇಶಕ್ಕೆ ಹೋದವರು ಓದಿಗೆ ಹೋದವರು, ಇಲ್ಲವೇ ಸರ್ಕಾರದ ಕೆಲಸಕ್ಕೆ ಹೋದವರು.

ಈ ಮಾತಿಗೆ ದೊಡ್ಡ ಅಪವಾದ ಭದ್ರಾವತಿಯ ಹೆಸರಿನೊಂದಿಗೇ ಸೇರಿಹೋಗಿರುವ ಸರ್ ಎಂ. ವಿಶ್ವೇಶ್ವರಯ್ಯ. ಬೊಂಬಾಯಿ ಸರ್ಕಾರದ ಸೇವೆಯಲ್ಲಿದ್ದಾಗಲೇ, 1898ರಲ್ಲಿ, ಅವರು ತಾವಾಗಿಯೇ ಹೊರಟು ಜಪಾನ್ ನೋಡಿ ಬಂದರು. ಆ ಕಾಲದ ವಿದ್ಯಾವಂತರೆಲ್ಲ ಲಂಡನ್ನಿನ ಕಡೆ ಮುಖ ಮಾಡಿದ್ದಾಗ ಪೂರ್ವಕ್ಕೆ ಹೊರಟ ಅವರ ಆಯ್ಕೆಯೇ ವಿಶೇಷ. 1908ರಲ್ಲಿ ಯೂರೋಪು, ಅಮೆರಿಕ. ಮೈಸೂರಿನ ದಿವಾನಗಿರಿ ಬಿಟ್ಟ ಮೇಲೆ 1919ರಲ್ಲಿ ಮತ್ತೊಮ್ಮೆ ದೀರ್ಘ ಪ್ರವಾಸ. ಕಾರ್ಖಾನೆ, ನೀರು ಸರಬರಾಜು, ಶಾಲೆ, ಬ್ಯಾಂಕು ಎಂದು ನೋಡಬೇಕಾದ್ದನ್ನು ಮೊದಲೇ ನಿಶ್ಚಯಿಸಿ, ನೋಡಿದ್ದನ್ನು ಬರೆದಿಟ್ಟುಕೊಳ್ಳುವುದು ಅವರ ಕ್ರಮ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಆಡಳಿತದ ಹೊಣೆ ಹೊತ್ತದ್ದೂ ಅವರೇ. ಪ್ರವಾಸದಲ್ಲಿ ಕಂಡದ್ದು ಊರಿನ ಕೆಲಸಕ್ಕೆ ಬರಬೇಕು ಎಂಬ ಅವರ ನಿಲುವು ಈ ಸೀಮೆಯ ಪ್ರವಾಸದ ಚರಿತ್ರೆಯಲ್ಲಿ ಬಹಳ ಬೆಲೆಯುಳ್ಳದ್ದು.

ಸ್ವಾತಂತ್ರ್ಯ ಬಂದ ಮೇಲೆ ವಿಮಾನ ಬಂತು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊದಲ ವಿಮಾನ ಬೊಂಬಾಯಿಯಿಂದ ಲಂಡನ್ನಿಗೆ ಹಾರಿತು. ಆದರೆ ಬಾಗಿಲುಗಳು ಬಿಗಿಯಾದದ್ದೂ ಈ ಕಾಲದಲ್ಲೇ. 1950ರ ದಶಕದ ಕೊನೆಗೆ ದೇಶದ ವಿದೇಶಿ ವಿನಿಮಯದ ಸಂಗ್ರಹ ಕರಗಿತು. ರಿಸರ್ವ್ ಬ್ಯಾಂಕಿನ ಅನುಮತಿಯ ‘ಪಿ’ ಫಾರಂ ಇಲ್ಲದೆ ಹೊರದೇಶದ ಟಿಕೆಟ್ ಕೊಳ್ಳುವಂತಿರಲಿಲ್ಲ. ರೂಪಾಯಿ ಎಷ್ಟಿದ್ದರೂ ಡಾಲರ್ ಸಿಗುತ್ತಿರಲಿಲ್ಲ. ಅರವತ್ತು, ಎಪ್ಪತ್ತರ ದಶಕದಲ್ಲಿ ಓದಲು ಹೋದವರು ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ ಕಥೆ ಆ ತಲೆಮಾರಿನ ಅನೇಕ ಮನೆಗಳಲ್ಲಿ ಇದೆ. ಎಂಟು ಡಾಲರಿನಲ್ಲಿ ಪರದೇಶದ ಊರಿನಲ್ಲಿ ಹೋಟೆಲ್ ಹಿಡಿದು ಸುತ್ತಾಡುವುದು ಅಸಾಧ್ಯ. ಆತಿಥೇಯರೋ ವಿಶ್ವವಿದ್ಯಾಲಯವೋ ನಂಟರೋ ಕೈಹಿಡಿದರೆ ಮಾತ್ರ ಪ್ರಯಾಣ. ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿ 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ. ಆಮೇಲಿನ ವರ್ಷಗಳಲ್ಲಿ ಬಂದ ಪ್ರವಾಸಿಗರಿಗೆ ಡಾಲರ್ ಕೊಡುವ ವಿದೇಶ ಪ್ರವಾಸ ಯೋಜನೆಯೂ ಕೆಲವು ವರ್ಷಕ್ಕೊಮ್ಮೆ 500 ಡಾಲರಿನಂಥ ಸಣ್ಣ ಮೊತ್ತಕ್ಕೇ ಸೀಮಿತವಾಗಿತ್ತು.

ಪಾಸ್‌ಪೋರ್ಟಿನ ಕಥೆ ಇನ್ನೂ ಗಮನಿಸಬೇಕಾದ್ದು. 1967ರವರೆಗೆ ಅದನ್ನು ಕೊಡುವುದು ಬಿಡುವುದು ಸರ್ಕಾರದ ಮರ್ಜಿ; ಅದಕ್ಕೆಂದೇ ಒಂದು ಪೂರ್ಣ ಕಾನೂನು ಇರಲಿಲ್ಲ. ಹೊರದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಮೊದಲು ಹೇಳಿದ ನ್ಯಾಯಾಲಯಗಳಲ್ಲಿ ಮೈಸೂರು ಹೈಕೋರ್ಟ್ ಒಂದು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಕೇರಳ ಮತ್ತು ಬೊಂಬಾಯಿ ಹೈಕೋರ್ಟುಗಳೂ ಅದೇ ನಿಲುವಿಗೆ ಬಂದವು. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನೇ ಎತ್ತಿಹಿಡಿಯಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ಪ್ರಕರಣದ ತೀರ್ಪು, ಪಾಸ್‌ಪೋರ್ಟ್ ಕಸಿಯುವುದಾದರೂ ನ್ಯಾಯವಾದ ಕ್ರಮ ಅನುಸರಿಸಬೇಕು ಎಂದು ಈ ಹಕ್ಕನ್ನು ಇನ್ನಷ್ಟು ಭದ್ರಗೊಳಿಸಿತು.

ಹಕ್ಕು ಸಿಕ್ಕರೂ ಕಚೇರಿ ದೂರವಿತ್ತು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಅರ್ಜಿಗೊಮ್ಮೆ, ದಾಖಲೆಗೊಮ್ಮೆ ಹೋಗಿಬರುವ ಬಸ್ ಖರ್ಚೂ ಕಳೆದುಹೋದ ಕೂಲಿಯೂ ಬಡವರಿಗೆ ಸಣ್ಣ ಮಾತಲ್ಲ. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಪ್ರಯೋಗ ಶುರುವಾದಾಗ ಬೆಂಗಳೂರಿನ ಜೊತೆಗೆ ಹುಬ್ಬಳ್ಳಿ, ಮಂಗಳೂರು ಸೇರಿದವು. 2017ರ ಜನವರಿ 25ರಂದು ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ ಮೊದಲಾಯಿತು. ಆ ಸೌಲಭ್ಯ ಶಿವಮೊಗ್ಗಕ್ಕೂ ಬಂತು. ಹೋಬಳಿಯ ಜನರಿಗೆ ಇದರಿಂದ ಆದಷ್ಟು ಉಪಕಾರ ಬೇರೆ ಯಾವ ಸುಧಾರಣೆಯಿಂದಲೂ ಆಗಿಲ್ಲ ಎನ್ನಬಹುದು.

ನಿಗದಿತ ಶಿಕ್ಷಣ ಇಲ್ಲದವರಿಗೆ ಇನ್ನೊಂದು ತೊಡಕಿತ್ತು. ಅವರ ಪಾಸ್‌ಪೋರ್ಟಿನ ಮೇಲೆ ವಲಸೆ ತಪಾಸಣೆ ಬೇಕೆಂಬ ‘ಇಸಿಆರ್’ ಗುರುತು ಬೀಳುತ್ತಿತ್ತು. ಕೂಲಿಗೆ ಹೋಗುವವರು ಮೋಸಹೋಗದಿರಲಿ ಎಂಬ ಒಳ್ಳೆಯ ಉದ್ದೇಶದ ನಿಯಮವದು. ಆದರೆ ನಾಲ್ಕು ದಿನ ಊರು ನೋಡಲು ಹೊರಟ ರೈತನಿಗೂ ಅದು ಅಡ್ಡಬರುತ್ತಿತ್ತು. ಈಗ ಆ ತಪಾಸಣೆ 18 ದೇಶಗಳಿಗೆ ಕೆಲಸಕ್ಕೆಂದು ಹೋಗುವವರಿಗೆ ಮಾತ್ರ. ಆ ಪಟ್ಟಿಯಲ್ಲಿ ಕೊಲ್ಲಿ ದೇಶಗಳಷ್ಟೇ ಅಲ್ಲ, ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾಗಳೂ ಇವೆ. ಹಾಗಾಗಿ ಇಸಿಆರ್ ಪಾಸ್‌ಪೋರ್ಟಿನವರು ಅಲ್ಲಿಗೆ ಪ್ರವಾಸಕ್ಕೆ ಹೊರಟಾಗ ವಾಪಸು ಟಿಕೆಟ್ಟನ್ನೂ ತಂಗುವ ಹೋಟೆಲಿನ ಕಾಗದವನ್ನೂ ಕೈಯಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಹಣದ ಬಾಗಿಲು ತೆರೆದದ್ದು 1991ರ ಆರ್ಥಿಕ ಬದಲಾವಣೆಗಳ ನಂತರ, ಹಂತಹಂತವಾಗಿ. 1994ರ ಆಗಸ್ಟ್‌ನಲ್ಲಿ ಪ್ರವಾಸದ ಖರ್ಚೂ ಸೇರಿದ ಚಾಲ್ತಿ ಖಾತೆಯ ವಹಿವಾಟಿಗೆ ರೂಪಾಯಿ ಪರಿವರ್ತನೆ ಮುಕ್ತವಾಯಿತು. ವಿದೇಶಿ ವಿನಿಮಯವನ್ನು ಬಿಗಿಹಿಡಿದಿದ್ದ ಹಳೆಯ ಫೆರಾ ಕಾಯ್ದೆಯ ಜಾಗದಲ್ಲಿ 2000ದ ಜೂನ್ 1ರಿಂದ ಸಡಿಲವಾದ ಫೆಮಾ ಕಾಯ್ದೆ ಬಂತು. 2004ರ ಫೆಬ್ರವರಿಯಲ್ಲಿ ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳಿಸಲೆಂದು ರಿಸರ್ವ್ ಬ್ಯಾಂಕ್ ತಂದ ಉದಾರ ರವಾನೆ ಯೋಜನೆಯ ಮಿತಿ 25,000 ಡಾಲರ್. ಅದು 2015ರಲ್ಲಿ ವರ್ಷಕ್ಕೆ 2,50,000 ಡಾಲರ್ ಆಯಿತು. ಎಂಟು ಡಾಲರಿನ ಕಾಲಕ್ಕೂ ಇದಕ್ಕೂ ನಡುವೆ ಇರುವುದು ಒಂದೆರಡು ತಲೆಮಾರಿನ ಅಂತರವಷ್ಟೇ.

ಉಳಿದದ್ದು ಟಿಕೆಟ್ಟು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ವಿಮಾನದ ಸೀಟನ್ನು ಅಂತರ್ಜಾಲದಲ್ಲಿ ಕಡಿಮೆ ದರಕ್ಕೆ ಮಾರಬಹುದೆಂದು ತೋರಿಸಿಕೊಟ್ಟರು. 2005ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹುಟ್ಟಿತು. ಮರುವರ್ಷ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂದು ಕರಾವಳಿ ಮಲೆನಾಡುಗಳಿಗೆ ಬೆಂಗಳೂರಲ್ಲದ ಇನ್ನೊಂದು ಹೆಬ್ಬಾಗಿಲು ಸಿಕ್ಕಿತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು. ಅದಾದ ಒಂದು ವಾರಕ್ಕೆ, ಜೂನ್ 1ರಿಂದ, ಜಗತ್ತಿನ ದೊಡ್ಡ ವಿಮಾನ ಸಂಸ್ಥೆಗಳು ಕಾಗದದ ಟಿಕೆಟ್ ನಿಲ್ಲಿಸಿದವು. ಅಲ್ಲಿಯವರೆಗೆ ಟಿಕೆಟ್ ಎಂದರೆ ಏಜೆಂಟರ ಅಂಗಡಿಯಲ್ಲಿ ಮುದ್ರಿಸಿ ಕೊಡುತ್ತಿದ್ದ, ಒಂದೊಂದು ಹಾರಾಟಕ್ಕೆ ಒಂದೊಂದು ಹಾಳೆ ಹರಿದುಕೊಡಬೇಕಾದ ಕಿರುಪುಸ್ತಿಕೆ. ಕಳೆದುಹೋದರೆ ಪ್ರಯಾಣಕ್ಕೇ ಕುತ್ತು. ಇನ್ನು ಮುಂದೆ ಅದು ಆರು ಅಕ್ಷರ ಅಂಕಿಗಳ ಒಂದು ಸಂಕೇತ. ಮುಂದಿನ ವರ್ಷಗಳಲ್ಲಿ ಏರ್‌ಏಷ್ಯಾ, ಟೈಗರ್‌ನಂಥ ಅಗ್ಗದ ದರದ ಸಂಸ್ಥೆಗಳು ಬೆಂಗಳೂರಿಗೆ ಬಂದಾಗ ಆಗ್ನೇಯ ಏಷ್ಯಾದ ನಗರಗಳು ಮಧ್ಯಮ ವರ್ಗದ ಲೆಕ್ಕದೊಳಗೆ ಬಂದವು.

ದಾರಿ ತೋರಿಸಿದ ಪುಸ್ತಕಗಳನ್ನೂ ಇಲ್ಲಿ ನೆನೆಯಬೇಕು. ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1973ರಲ್ಲಿ ಅಗ್ಗವಾಗಿ ಏಷ್ಯಾ ದಾಟುವ ಬಗೆಗೆ ತಂದ ಪುಟ್ಟ ಪುಸ್ತಕದಿಂದ ಲೋನ್ಲಿ ಪ್ಲಾನೆಟ್ ಸಂಸ್ಥೆ ಹುಟ್ಟಿತು. ಕನ್ನಡದಲ್ಲಿ ಆ ಬಗೆಯ ಕೈಪಿಡಿಗಿಂತ ಪ್ರವಾಸಕಥನವೇ ಗುರುವಾಯಿತು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’, ಗೆಳತಿಯೊಡನೆ ಯೂರೋಪ್ ತಿರುಗಿದ ನೇಮಿಚಂದ್ರರ ‘ಒಂದು ಕನಸಿನ ಪಯಣ’ ಇವೆಲ್ಲ ಹಳ್ಳಿಯ ವಾಚನಾಲಯದಲ್ಲಿ ಕುಳಿತವರಿಗೂ ಹೊರನಾಡಿನ ಬೀದಿಯ ಪರಿಚಯ ಮಾಡಿಸಿದವು. ಹೆಣ್ಣುಮಕ್ಕಳು ತಾವೇ ಹೊರಡಬಹುದು ಎಂಬ ಧೈರ್ಯ ಕೊಟ್ಟದ್ದರಲ್ಲಿ ಕೊನೆಯ ಪುಸ್ತಕದ ಪಾಲು ದೊಡ್ಡದು.

ಪ್ಯಾಕೇಜ್ ಪ್ರವಾಸ ಈ ನಡುವೆ ತನ್ನ ಕೆಲಸ ಮಾಡಿತು. ಭಾಷೆ ಬಾರದವರಿಗೆ, ಸಸ್ಯಾಹಾರವೇ ಬೇಕೆನ್ನುವ ಹಿರಿಯರಿಗೆ ಅದರಿಂದ ಆದ ಅನುಕೂಲ ಅಲ್ಲಗಳೆಯುವಂಥದ್ದಲ್ಲ. ಊಟದ ಸಮಸ್ಯೆಗೆ ಸ್ವಂತ ಪ್ರವಾಸಿಗರು ಬುತ್ತಿಯ ಹಳೆಯ ದಾರಿಯನ್ನೇ ಹಿಡಿದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರಿನ ಎಂಟಿಆರ್ ಸಿದ್ಧ ಮಿಶ್ರಣಗಳನ್ನು ಮಾರತೊಡಗಿದ ಮೇಲೆ ಚಟ್ನಿಪುಡಿ, ಅವಲಕ್ಕಿಯ ಪಕ್ಕದಲ್ಲಿ ಉಪ್ಪಿಟ್ಟಿನ ಪೊಟ್ಟಣವೂ ಚೀಲ ಸೇರಿತು. ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ 1947ರಿಂದಲೂ ಇರುವ ಕೋಮಳ ವಿಲಾಸದಂಥ ಸಸ್ಯಾಹಾರಿ ಹೋಟೆಲುಗಳು ಆ ನಗರವನ್ನು ಮೊದಲ ಪ್ರವಾಸಕ್ಕೆ ಸಲೀಸಾಗಿಸಿದವು. ಖರ್ಚಿನ ದೃಷ್ಟಿಯಿಂದ ಇನ್ನೂ ಮುಖ್ಯವಾದದ್ದು ನಗರ ರೈಲು. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣಕ್ಕೆ 2002ರಲ್ಲಿ, ಬ್ಯಾಂಕಾಕಿನ ಸುವರ್ಣಭೂಮಿಗೆ 2010ರಲ್ಲಿ ರೈಲು ಬಂದ ಮೇಲೆ ಟ್ಯಾಕ್ಸಿಯವರೊಂದಿಗೆ ಚೌಕಾಶಿ ಮಾಡುವ ಗೋಜು ತಪ್ಪಿತು.

ಇತ್ತೀಚಿನ ನಿಯಮಗಳು ಸ್ವಂತ ಯೋಜನೆಯವರ ಕಡೆಗೇ ವಾಲಿವೆ. 2020ರ ಅಕ್ಟೋಬರ್‌ನಿಂದ ವಿದೇಶ ಪ್ರವಾಸ ಪ್ಯಾಕೇಜಿನ ಮೇಲೆ ಮೂಲದಲ್ಲೇ ತೆರಿಗೆ ವಸೂಲಾಗುತ್ತಿದೆ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದರೆ ಹೊಂದಾಣಿಕೆ ಆಗುತ್ತದಾದರೂ ಹೊರಡುವಾಗ ಕೈಯಿಂದ ಹೋಗುವ ಹಣವದು. ಬರೀ ವಿಮಾನದ ಟಿಕೆಟ್ಟನ್ನೋ ಬರೀ ಹೋಟೆಲ್ ಕೋಣೆಯನ್ನೋ ಕೊಂಡರೆ ಅದು ಪ್ಯಾಕೇಜ್ ಅಲ್ಲ ಎಂದು ತೆರಿಗೆ ಮಂಡಳಿ 2023ರಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಥಾಯ್ಲೆಂಡ್, ಡಿಸೆಂಬರ್‌ನಲ್ಲಿ ಮಲೇಷ್ಯಾ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟವು. 2024ರ ಫೆಬ್ರವರಿ 12ರಿಂದ ಶ್ರೀಲಂಕಾದಲ್ಲಿ ಯುಪಿಐ ಮೂಲಕವೇ ಹಣ ಕೊಡಬಹುದಾಯಿತು. ಊರಿನ ಬ್ಯಾಂಕ್ ಖಾತೆಯಿಂದ ಕೊಲಂಬೊದ ಅಂಗಡಿಗೆ ನೇರವಾಗಿ.

ಶಿವಮೊಗ್ಗಕ್ಕೆ ಸ್ವಂತ ವಿಮಾನ ನಿಲ್ದಾಣವೂ ಬಂದಿದೆ. ಸೋಗಾನೆಯಲ್ಲಿ 3,200 ಮೀಟರ್ ಉದ್ದದ ರನ್‌ವೇ ಇರುವ ಈ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಸಂಚಾರ ಶುರುವಾಯಿತು. ಇಲ್ಲಿಂದ ಹಾರುವುದು ದೇಶದೊಳಗಿನ ವಿಮಾನಗಳು. ವಲಸೆ, ಸುಂಕ ತಪಾಸಣೆಗೆ ಹೊಳಲೂರಿನ ಪ್ರಯಾಣಿಕರು ಬೆಂಗಳೂರಿಗೋ ಮಂಗಳೂರಿಗೋ ಹೋಗಲೇಬೇಕು. ಖರ್ಚು ಹಿಡಿದು ಹೊರಡುವವರು ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಬೆಂಗಳೂರು ಸೇರಿ, ಬಿಎಂಟಿಸಿಯ ವಾಯು ವಜ್ರ ಬಸ್ ಹಿಡಿದು ದೇವನಹಳ್ಳಿ ತಲುಪುತ್ತಾರೆ.