ವೃತ್ತದ ಕಂಸ ಮತ್ತು ಕೋನಗಳ ಅಳತೆ

ವೃತ್ತಪರಿಧಿಯ ಯಾವುದೇ ಒಂದು ಭಾಗಕ್ಕೆ ಕಂಸ ಅಥವಾ ಚಾಪ ಎಂದು ಹೆಸರು. ಕಂಸದ ಎರಡು ತುದಿಗಳಿಗೆ ಎಳೆದ ತ್ರಿಜ್ಯಗಳ ನಡುವಿನ ಕೋನವೇ ಕೇಂದ್ರಕೋನ. ಕಂಸವನ್ನು ಎರಡು ಬಗೆಯಾಗಿ ಅಳೆಯಬಹುದು: ಇಡೀ ಸುತ್ತಿನಲ್ಲಿ ಅದು ಎಷ್ಟನೆಯ ಪಾಲು ಎಂದು ಕೋನಮಾನದಲ್ಲಿ, ಇಲ್ಲವೆ ದಾರ ಹಿಡಿದು ಅಳೆದಂತೆ ಉದ್ದದಲ್ಲಿ. ಗಡಿಯಾರದ 12ರಿಂದ 3ರವರೆಗಿನ ಕಂಸ ಕೈಗಡಿಯಾರದಲ್ಲೂ ಗೋಪುರದ ಗಡಿಯಾರದಲ್ಲೂ 90 ಡಿಗ್ರಿಯೇ. ಉದ್ದ ಮಾತ್ರ ಬೇರೆ. ಈ ಎರಡು ಅಳತೆಗಳನ್ನು ಕೂಡಿಸುವ ಪ್ರಯತ್ನವೇ ವಿಷಯದ ಚರಿತ್ರೆ.

ಮಾನಗಳು

ಸುತ್ತಿಗೆ 360 ಡಿಗ್ರಿ (ಅಂಶ), ಡಿಗ್ರಿಗೆ 60 ಮಿನಿಟು (ಕಲೆ), ಮಿನಿಟಿಗೆ 60 ಸೆಕೆಂಡು (ವಿಕಲೆ). ಇದರ ಮೂಲವನ್ನು ಸಾಮಾನ್ಯವಾಗಿ ಬ್ಯಾಬಿಲೋನಿಯದ ಷಷ್ಟಿಕ ಎಣಿಕೆಯಲ್ಲಿ ಗುರುತಿಸುತ್ತಾರೆ. ವರ್ಷದ ದಿನಗಳು 360ಕ್ಕೆ ಹತ್ತಿರವಾಗಿರುವುದು ಕಾರಣವೆಂಬುದು ಊಹೆ. ಸುತ್ತನ್ನು 400 ಪಾಲು ಮಾಡುವ ಗ್ರೇಡ್ ಫ್ರಾನ್ಸಿನ ಕ್ರಾಂತಿಕಾಲದ ದಶಮಾನ ಸುಧಾರಣೆಯ ಕೂಸು. ಭೂಮಾಪನದ ಆಚೆ ಅದು ಹೆಚ್ಚು ಬಳಕೆಗೆ ಬರಲಿಲ್ಲ.

ತ್ರಿಜ್ಯದಷ್ಟೇ ಉದ್ದದ ಕಂಸವು ಕೇಂದ್ರದಲ್ಲಿ ಏರ್ಪಡಿಸುವ ಕೋನ ಒಂದು ರೇಡಿಯನ್. ಅದು ಸುಮಾರು 57 ಡಿಗ್ರಿ 17 ಮಿನಿಟು 45 ಸೆಕೆಂಡು. ಇಡೀ ಸುತ್ತು 2π ರೇಡಿಯನ್. ಇಂಗ್ಲೆಂಡಿನ ರೋಜರ್ ಕೋಟ್ಸ್ 1714ರಲ್ಲೇ ಈ ಕಲ್ಪನೆಯನ್ನು ಬಳಸಿದ್ದರೂ ಪದ ಅಚ್ಚಾದದ್ದು 1873ರಲ್ಲಿ, ಜೇಮ್ಸ್ ಥಾಮ್ಸನ್ ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿಗೆ ತಯಾರಿಸಿದ ಪ್ರಶ್ನೆಪತ್ರಿಕೆಯಲ್ಲಿ.

ಮುಖ್ಯ ನಿಯಮಗಳು

ಕೋನ ಡಿಗ್ರಿಯಲ್ಲಿದ್ದರೆ ಕಂಸದ ಉದ್ದ = (ಕೋನ ÷ 360) × 2π × ತ್ರಿಜ್ಯ. ತ್ರಿಜ್ಯ 21 ಸೆಂ.ಮೀ., ಕೋನ 60 ಡಿಗ್ರಿ ಇದ್ದು π ಬೆಲೆಯನ್ನು 22/7 ಎಂದು ಹಿಡಿದರೆ ಕಂಸ 22 ಸೆಂ.ಮೀ. ಕೋನ ರೇಡಿಯನ್ನಿನಲ್ಲಿದ್ದರೆ ತ್ರಿಜ್ಯದಿಂದ ಗುಣಿಸಿದರೆ ಸಾಕು. ಒಂದು ಕಂಸವು ಕೇಂದ್ರದಲ್ಲಿ ಏರ್ಪಡಿಸುವ ಕೋನವು ಪರಿಧಿಯ ಉಳಿದ ಭಾಗದ ಯಾವುದೇ ಬಿಂದುವಿನಲ್ಲಿ ಏರ್ಪಡಿಸುವ ಕೋನದ ಎರಡರಷ್ಟು. ಹಾಗಾಗಿ ಅರ್ಧವೃತ್ತದಲ್ಲಿನ ಕೋನ ಲಂಬಕೋನ. ಇವೆರಡೂ ಯೂಕ್ಲಿಡ್‌ನ ಮೂರನೆಯ ಪುಸ್ತಕದಲ್ಲಿವೆ.

ಭಾರತದ ಜ್ಯಾ ಪದ್ಧತಿ

ಸಿದ್ಧಾಂತಗಳೆಂಬ ಖಗೋಳ ಗ್ರಂಥಗಳಲ್ಲಿ ಕಂಸ ಬಿಲ್ಲು (ಚಾಪ, ಧನು). ಬಿಲ್ಲಿನ ಹೆದೆ ಜ್ಯಾ. ಹೆದೆಯ ನಡುವಿನಿಂದ ಬಿಲ್ಲಿಗೆ ತಾಗುವ ರೇಖೆ ಶರ. ಈಗಿನ ಪಠ್ಯಪುಸ್ತಕದ ಜ್ಯಾ ಪೂರ್ಣ ಹೆದೆ. ಖಗೋಳಜ್ಞರ ಜ್ಯಾ ಸಾಮಾನ್ಯವಾಗಿ ಅದರ ಅರ್ಧ. ಓದುವಾಗ ಈ ವ್ಯತ್ಯಾಸ ನೆನಪಿರಬೇಕು.

ಗ್ರೀಕ್ ಖಗೋಳಜ್ಞ ಟಾಲೆಮಿಯ ಗ್ರಂಥ ಅಲ್ಮಜೆಸ್ಟ್ ತ್ರಿಜ್ಯವನ್ನು 60 ಭಾಗಗಳೆಂದು ಹಿಡಿದು, ಅರ್ಧರ್ಧ ಡಿಗ್ರಿಗೆ ಪೂರ್ಣ ಹೆದೆಯ ಕೋಷ್ಟಕ ಕೊಟ್ಟಿತು. ಅಲ್ಲಿ ಕಂಸದ ಮಾನವೇ ಬೇರೆ, ತ್ರಿಜ್ಯದ ಮಾನವೇ ಬೇರೆ. ಕ್ರಿ.ಶ. 499ರ ಆರ್ಯಭಟೀಯದ ದಾರಿ ಇದಲ್ಲ. ಸುತ್ತಿಗೆ 12 ರಾಶಿ, ರಾಶಿಗೆ 30 ಅಂಶ, ಅಂಶಕ್ಕೆ 60 ಕಲೆ. ಒಟ್ಟು 21,600 ಕಲೆ. ತ್ರಿಜ್ಯವನ್ನೂ ಇದೇ ಕಲೆಗಳಲ್ಲಿ ಅಳೆದರೆ 3438. 20,000 ವ್ಯಾಸಕ್ಕೆ 62,832 ಪರಿಧಿ ಎಂದು ಹೇಳಿ, ಅದು 'ಆಸನ್ನ', ಅಂದರೆ ಸಮೀಪದ ಬೆಲೆ ಎಂದೂ ಆರ್ಯಭಟ ಎಚ್ಚರಿಸಿದ್ದಾನೆ. ಆ ಲೆಕ್ಕಕ್ಕೂ 3438 ಹೊಂದುತ್ತದೆ.

ಕಾಲು ಸುತ್ತನ್ನು 24 ಪಾಲು ಮಾಡಿದರೆ ಪಾಲಿಗೆ 225 ಕಲೆ. ಒಂದೊಂದು ಪಾಲಿಗೂ ಜ್ಯಾ ಎಷ್ಟೆಷ್ಟು ಬೆಳೆಯುತ್ತದೆಂಬುದನ್ನು ಆರ್ಯಭಟ ತನ್ನದೇ ಅಕ್ಷರಸಂಖ್ಯೆಯಲ್ಲಿ ಒಂದೇ ಶ್ಲೋಕದೊಳಗೆ ಇಟ್ಟ: 225, 224, 222, 219, 215, 210, 205, 199, 191, 183, 174, 164, 154, 143, 131, 119, 106, 93, 79, 65, 51, 37, 22, 7. ಮೊದಲ ಪಾಲಿನಲ್ಲಿ ಬಿಲ್ಲೂ 225, ಜ್ಯಾವೂ 225: ಕಂಸ ಚಿಕ್ಕದಾದಾಗ ಬಾಗು ಕಾಣದಷ್ಟು ಕಡಿಮೆ. ಮೊದಲ ಎಂಟನ್ನು ಕೂಡಿದರೆ 1719. ಅದು 30 ಅಂಶದ ಜ್ಯಾ, ತ್ರಿಜ್ಯದ ಸರಿ ಅರ್ಧ. ಎಲ್ಲವನ್ನೂ ಕೂಡಿದರೆ 3438. ಅದು ಮೂರು ರಾಶಿಯ, ಅಂದರೆ 90 ಅಂಶದ ಜ್ಯಾ; ತ್ರಿರಾಶಿಜ್ಯಾ, ಚಿಕ್ಕದಾಗಿ ತ್ರಿಜ್ಯಾ. ಕನ್ನಡ ಶಾಲೆಯ ಮಕ್ಕಳು ದಿನವೂ ಹೇಳುವ 'ತ್ರಿಜ್ಯ' ಬಂದದ್ದು ಇಲ್ಲಿಂದ.

ರೇಡಿಯನ್ನನ್ನು ಆರ್ಯಭಟನೇ ಕಂಡುಹಿಡಿದನೆಂದರೆ ಅತಿಶಯವಾದೀತು. ಕೋನಕ್ಕೆ ಅವನು ಹೊಸ ಮಾನವೇನೂ ಮಾಡಲಿಲ್ಲ. ಆದರೆ ಬಿಲ್ಲನ್ನೂ ಹೆದೆಯನ್ನೂ ಒಂದೇ ಕೋಲಿನಿಂದ ಅಳೆಯಬೇಕೆಂಬ, ರೇಡಿಯನ್ನಿನ ತಿರುಳಾದ ಆಲೋಚನೆ ಅಲ್ಲಿ ಕೆಲಸ ಮಾಡುತ್ತಿದೆ.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಕೋನದ ಗೊಡವೆಯೇ ಇಲ್ಲದೆ, ಹೆದೆ ಮತ್ತು ಶರದಿಂದ ಕಂಸದ ಉದ್ದ ಹೇಳುತ್ತಾನೆ. ಶರದ ವರ್ಗದ ಐದರಷ್ಟಕ್ಕೆ ಹೆದೆಯ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸ್ಥೂಲ. ಐದರ ಬದಲು ಆರು ಹಿಡಿದರೆ ಸೂಕ್ಷ್ಮ. ಅರ್ಧವೃತ್ತದಲ್ಲಿ ಇಟ್ಟು ನೋಡಿದರೆ π ಬೆಲೆ ಮೊದಲನೆಯದರಲ್ಲಿ 3, ಎರಡನೆಯದರಲ್ಲಿ 10ರ ವರ್ಗಮೂಲ. ಜ್ಯಾ ಗೊತ್ತಿದ್ದಾಗ ಕಂಸವನ್ನು ಬೇಕಾದಷ್ಟು ನಿಖರವಾಗಿ ತೆಗೆಯುವ ಅನಂತ ಶ್ರೇಣಿ ಕೇರಳದ ಸಂಗಮಗ್ರಾಮದ ಮಾಧವನದು (14ನೆಯ ಶತಮಾನ); ಅದರ ಉಪಪತ್ತಿ ಜ್ಯೇಷ್ಠದೇವನ ಮಲೆಯಾಳ ಗ್ರಂಥ ಯುಕ್ತಿಭಾಷೆಯಲ್ಲಿದೆ.

ಅಳತೆಯ ಸಾಧನಗಳು

ಕಾಗದದ ಮೇಲೆ ಕೋನಮಾಪಕ, ನೆಲದ ಮೇಲೆ ಥಿಯೊಡೊಲೈಟ್, ಕಡಲಿನಲ್ಲಿ ಸೆಕ್ಸ್‌ಟಂಟ್. ಭೂಮಾಪನಕ್ಕೆಂದು 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್ 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದನ್ನು ಅಳೆದು ಲೆಕ್ಕ ತಾಳೆ ನೋಡಿದ. ಮುಂದೆ ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನವರೆಗೆ ಸಾಗಿದ ಈ ಮಾಪನ ಅಳೆದದ್ದೂ ಒಂದು ಕಂಸವನ್ನೇ, ಭೂಮಿಯ ರೇಖಾಂಶವೃತ್ತದ ಕಂಸವನ್ನು.

ಭೂಪರಿಧಿಯ ಒಂದು ಕಲೆಯ ಕಂಸವೇ ನಾವಿಕರ ನಾಟಿಕಲ್ ಮೈಲಿಯ ಮೂಲ. 1929ರಲ್ಲಿ ಅದನ್ನು 1852 ಮೀಟರ್ ಎಂದು ಗೊತ್ತುಮಾಡಲಾಯಿತು. ಭೂಮಿಯ ಸರಾಸರಿ ತ್ರಿಜ್ಯ 6371 ಕಿ.ಮೀ.; ನಾಟಿಕಲ್ ಮೈಲಿಯಲ್ಲಿ ಅದು ಸುಮಾರು 3440, ಅಂದರೆ ಕಲೆಗಳಲ್ಲಿ ಅಳೆದ ಆರ್ಯಭಟನ ತ್ರಿಜ್ಯ 3438ರ ಹತ್ತಿರವೇ.